ಕೋಲಾಟಕ್ಕೆ ಬಂದರೆ ಮನಸ್ಸಿನ ಭಾರ ಇಳಿದೀತೇ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಊರಿನ ಗುಂಪು ಕುಣಿತದಿಂದ ಗಂಡಸರ ಮನಸ್ಸಿನ ಆರೋಗ್ಯಕ್ಕೆ ನೆರವಾದೀತೇ ಎಂದು ಕೇಳಿ ಉತ್ತರ ಕನ್ನಡದ ಓದುಗರು ಬರೆದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಮಾನಸಿಕ ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುವವರು ಮತ್ತು ಕೋಲಾಟ ಕಲಿಸುವವರು ಕೂಡಿ ಉತ್ತರಿಸಿದ್ದಾರೆ. ಪತ್ರ ಬರೆದವರ ಹೆಸರು ಕೊಟ್ಟಿಲ್ಲ.

ಪ್ರಶ್ನೆ: ನಮ್ಮನೆಯವರಿಗೆ 47 ವರ್ಷ. ಬೋಟಿನ ಸಾಲ ಮೈಮೇಲಿದೆ. ನಾಲ್ಕೈದು ತಿಂಗಳಿಂದ ಮಾತು ಕಡಿಮೆ, ಸಣ್ಣದಕ್ಕೂ ಸಿಟ್ಟು, ರಾತ್ರಿ ಮೂರಕ್ಕೇ ಎಚ್ಚರ. ‘ಬೇಜಾರಾ?’ ಅಂದರೆ ‘ನಂಗೇನಾಗಿದೆ?’ ಅಂತ ತಿರುಗಿ ಕೇಳುತ್ತಾರೆ. ಅವರ ದೋಸ್ತಿಗಳು ಕೋಲಾಟದ ಗುಂಪಿಗೆ ಕರೆದುಕೊಂಡು ಹೋಗ್ತೇವೆ, ಸರಿಯಾಗ್ತಾನೆ ಅನ್ನುತ್ತಿದ್ದಾರೆ. ಕುಣಿದರೆ ಇದೆಲ್ಲ ಹೋಗ್ತದಾ?
– ಓದುಗಿ, ಅಂಕೋಲಾ ತಾಲ್ಲೂಕು

ಉತ್ತರ: ಕಳಿಸಿ ತಂಗಿ. ಆದರೆ ಡಾಕ್ಟರ ಬದಲಿಗೆ ಅಂತ ಕಳಿಸಬೇಡಿ.

ಖಿನ್ನತೆ ಬಂದ ಗಂಡಸು ಅಳುತ್ತಾ ಕೂರಬೇಕೆಂದಿಲ್ಲ. ಎಷ್ಟೋ ಜನರಲ್ಲಿ ಅದು ನೀವು ಬರೆದ ಹಾಗೇ ಕಾಣಿಸುತ್ತದೆ: ಸಿಟ್ಟು, ನಸುಕಿಗೆ ಮೊದಲೇ ಎಚ್ಚರ, ಮಾತು ಕಮ್ಮಿ. ಇದರ ಜೊತೆಗೆ ಬೆನ್ನುನೋವು, ಹೊಟ್ಟೆ ಉಬ್ಬರ, ಕುಡಿತ ಹೆಚ್ಚುವುದು, ಬೈಕನ್ನು ಲಂಗುಲಗಾಮಿಲ್ಲದೆ ಓಡಿಸುವುದೂ ಇರಬಹುದು. ಮನಸ್ಸಿಗೆ ಮಂಕು ಕವಿದು, ಮೊದಲು ಇಷ್ಟವಿದ್ದುದರಲ್ಲೂ ಆಸಕ್ತಿ ಹೋಗಿ, ನಿದ್ದೆ-ಊಟ-ಕೆಲಸ ಹದಗೆಟ್ಟು ಎರಡು ವಾರ ದಾಟಿದರೆ ವೈದ್ಯರಿಗೆ ತೋರಿಸಬೇಕು. ನಿಮ್ಮಲ್ಲಿ ತಿಂಗಳುಗಳೇ ಆಗಿವೆ. ಕಾರವಾರದ ಕ್ರಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು) ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ವಿಚಾರಿಸಿಕೊಂಡು ಹೋದರೂ ಆದೀತು. ಥೈರಾಯ್ಡ್, ಸಕ್ಕರೆ ಎರಡನ್ನೂ ಒಮ್ಮೆ ನೋಡಿಸಿ. ಅವು ಏರುಪೇರಾದರೂ ಮನುಷ್ಯ ಹೀಗೇ ಸಪ್ಪಗಾಗುತ್ತಾನೆ.

‘ಮನಸ್ಸಿನ ಕಾಯಿಲೆ’ ಎಂದು ಮಾತು ಶುರು ಮಾಡಬೇಡಿ. ‘ನಿದ್ದೆ ಬರ್ತಾ ಇಲ್ಲ, ಒಂದ್ಸಲ ತೋರಿಸ್ಕೊಂಡು ಬರೋಣ’ ಅನ್ನಿ. ನಿದ್ದೆಗೆಟ್ಟಿದ್ದನ್ನು ಒಪ್ಪಿಕೊಳ್ಳಲು ಯಾವ ಗಂಡಸಿಗೂ ನಾಚಿಕೆಯಿಲ್ಲ. ಉಳಿದದ್ದನ್ನು ವೈದ್ಯರು ಕೇಳಿಕೊಳ್ಳುತ್ತಾರೆ.

ಇನ್ನು ಕುಣಿತದ ಮಾತು. 2024ರ ಫೆಬ್ರುವರಿಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 218 ಅಧ್ಯಯನಗಳ, 14,170 ಜನರ ಮಾಹಿತಿಯನ್ನು ಒಟ್ಟು ಹಾಕಿ ನೋಡಿದ ವರದಿ ಬಂತು. ಖಿನ್ನತೆಯನ್ನು ತಗ್ಗಿಸುವುದರಲ್ಲಿ ನಡಿಗೆ, ಓಟ, ಯೋಗ, ಭಾರ ಎತ್ತುವ ವ್ಯಾಯಾಮಗಳ ಸಾಲಿನಲ್ಲಿ ನೃತ್ಯವೂ ಇತ್ತು. ಅದರ ಪರಿಣಾಮ ದೊಡ್ಡದಾಗಿಯೇ ಕಂಡಿತ್ತು. ಆದರೆ ನೃತ್ಯದ ಲೆಕ್ಕಕ್ಕೆ ಸಿಕ್ಕವರು ಬರೀ 107 ಜನ. ಅಷ್ಟರ ಮೇಲೆ ಔಷಧಿಯನ್ನೇ ಬಿಡಿ ಅನ್ನುವವರನ್ನು ನಂಬಬೇಡಿ. ಇನ್ನೊಂದು, 2015ರದ್ದು: ಆಕ್ಸ್‌ಫರ್ಡ್‌ನ ಸಂಶೋಧಕರು ಬ್ರೆಜಿಲ್‌ನ ಹೈಸ್ಕೂಲು ವಿದ್ಯಾರ್ಥಿಗಳನ್ನು ಕುಣಿಸಿ ನೋಡಿದರು. ಎಲ್ಲರೂ ಒಂದೇ ತಾಳಕ್ಕೆ ಒಂದೇ ಚಲನೆ ಮಾಡಿದಾಗ ನೋವು ತಡೆಯುವ ಶಕ್ತಿಯೂ ಜೊತೆಯವರ ಮೇಲಿನ ಸಲಿಗೆಯೂ ಹೆಚ್ಚಿದವು. ಮೈ ದಣಿಯುವ ಹಾಗೆ ಕುಣಿದದ್ದಕ್ಕೆ ಅದರದೇ ಫಲ ಬೇರೆ ಇತ್ತು. ಕೋಲಾಟದಲ್ಲಿ ಎರಡೂ ಒಟ್ಟಿಗೇ ಸಿಗುತ್ತವೆ.

ನಮ್ಮ ಮಟ್ಟಿಗೆ ಇದಕ್ಕಿಂತ ದೊಡ್ಡ ಲಾಭ ಬೇರೆ. ವಾರಕ್ಕೊಮ್ಮೆ ಹನ್ನೆರಡು ಜನ ಸೇರುವ ಕಡೆ ಒಬ್ಬ ಬರದಿದ್ದರೆ ಹನ್ನೊಂದು ಜನಕ್ಕೆ ಅದು ಗೊತ್ತಾಗುತ್ತದೆ. ಒಳಗೊಳಗೇ ಕುಸಿಯುವ ಗಂಡಸು ಮೊದಲು ಮಾಡುವುದೇ ನಾಲ್ಕು ಜನರ ಕಣ್ಣಿನಿಂದ ತಪ್ಪಿಸಿಕೊಳ್ಳುವ ಕೆಲಸ. ಅದಕ್ಕೆ ಅವಕಾಶ ಕೊಡದಿರುವುದು ಒಳ್ಳೆಯ ಗುಂಪಿನ ಲಕ್ಷಣ.

ಸಾಲ ಮಾತ್ರ ಕುಣಿದರೆ ಇಳಿಯುವುದಿಲ್ಲ. ಬ್ಯಾಂಕಿಗೋ ಸೊಸೈಟಿಗೋ ಅವರೊಬ್ಬರನ್ನೇ ಕಳಿಸದೆ, ಲೆಕ್ಕ ಬಲ್ಲ ಒಬ್ಬರನ್ನು ಜೊತೆ ಮಾಡಿ ಕಳಿಸಿ, ಕಂತಿನ ಅವಧಿ ಬದಲಿಸಿಕೊಡುತ್ತಾರೆಯೇ ಕೇಳಿಸಿ.

ಪ್ರಶ್ನೆ: ನಮ್ಮೂರಲ್ಲಿ ತೋಟದವರು, ಕೂಲಿಯವರು ಸೇರಿ ಮೂವತ್ತು ಮನೆ. ಹುಡುಗರೆಲ್ಲ ಬೆಂಗಳೂರು ಸೇರಿದ್ದಾರೆ. ಉಳಿದ ಗಂಡಸರು ಕತ್ತಲಾದ ಮೇಲೆ ಮೊಬೈಲು ಹಿಡಿದು ಕೂತರೆ ಮುಗಿಯಿತು. ‘ಪುರುಷರ ಮಾನಸಿಕ ಆರೋಗ್ಯ ಶಿಬಿರ’ ಅಂತ ಬ್ಯಾನರ್ ಕಟ್ಟಿದ್ದಕ್ಕೆ ಬಂದವರು ಮೂವರು, ಅದರಲ್ಲಿ ಇಬ್ಬರು ಸಂಘಟಕರು. ಈಗ ಕುಣಿತದ ಗುಂಪು ಮಾಡೋಣ ಅಂತಿದ್ದೇವೆ. ಹೇಗೆ ಶುರು ಮಾಡುವುದು, ಎಲ್ಲಿ ಎಡವುತ್ತೇವೆ?
– ಶಿರಸಿ ತಾಲ್ಲೂಕಿನ ಯುವಕರು

ಉತ್ತರ: ಮೊದಲು ಆ ಬ್ಯಾನರ್ ಬಿಚ್ಚಿಡಿ. ‘ಬುಧವಾರ ಸಂಜೆ ಕೋಲಾಟ’ ಎಂದರೆ ಸಾಕು. ಉದ್ದೇಶವೇನೆಂದು ಯಾರಾದರೂ ಕೇಳಿದರೆ ಮುಚ್ಚಿಡದೆ ಹೇಳಿ. ಕರೆಯುವಾಗ ಮಾತ್ರ ಕೋಲಾಟಕ್ಕೇ ಕರೆಯಿರಿ.

ವಾರ, ಹೊತ್ತು, ಜಾಗ ಮೂರೂ ಬದಲಾಗಬಾರದು. ನಿಮ್ಮ ಕಡೆ ಡೇರಿಗೆ ಹಾಲು ಹಾಕಿ ಬರುವ ಹೊತ್ತು ನೋಡಿಕೊಂಡು 7ರಿಂದ 8.15 ಇಟ್ಟುಕೊಳ್ಳಿ. ದೇವಸ್ಥಾನದ ಅಂಗಳ ಅನುಕೂಲವೆನಿಸಬಹುದು, ಆದರೆ ಅಲ್ಲಿಗೆ ಬರಲು ಹಿಂಜರಿಯುವ ಮನೆಗಳು ನಿಮ್ಮ ಮೂವತ್ತರಲ್ಲೇ ಇದ್ದಾವು. ಶಾಲೆಯ ಅಂಗಳ ಎಲ್ಲರದ್ದು. ಅಡಿಕೆ ಒಣಗಿಸುವ ಮಣ್ಣಿನ ಅಂಗಳ ಸಿಕ್ಕಿದರೆ ಇನ್ನೂ ಒಳ್ಳೆಯದು, ಮೊಣಕಾಲಿಗೆ ಸಿಮೆಂಟಿಗಿಂತ ಹಿತ. ಯಜಮಾನರ ಅಂಗಳವಾದರೆ ಮಾತ್ರ ಅವರ ಮನೆ ಕೆಲಸಕ್ಕೆ ಹೋಗುವವರು ಅಲ್ಲಿ ಸಲಿಗೆಯಿಂದ ಕುಣಿಯುವುದಿಲ್ಲ.

ಜನ 8 ಇದ್ದರೂ ಆದೀತು, 12 ಹದ, 16 ದಾಟಿದರೆ ಎರಡು ಗುಂಪು ಮಾಡಿ. ಕೋಲಾಟಕ್ಕೆ ಸರಿಸಂಖ್ಯೆ ಬೇಕು. ಒಬ್ಬ ಹೆಚ್ಚಾದರೆ ಅವನ ಕೈಗೆ ತಾಳ ಕೊಡಿ, ಸುಮ್ಮನೆ ನಿಲ್ಲಿಸಬೇಡಿ.

ಮೊದಲ ಹತ್ತು ನಿಮಿಷ ಕೋಲೇ ಬೇಡ. ವೃತ್ತದಲ್ಲಿ ನಡೆಯುತ್ತ ಚಪ್ಪಾಳೆ, ಆಮೇಲೆ ಹಿಮ್ಮಡಿ ಎತ್ತಿ ಇಳಿಸುವುದು, ಭುಜ ತಿರುಗಿಸುವುದು. ಆಮೇಲೆ ಆರು ಜನ ಒಳಗಿನ ವೃತ್ತದಲ್ಲಿ ಹೊರಕ್ಕೆ ಮುಖ ಮಾಡಿ, ಆರು ಜನ ಹೊರಗಿನ ವೃತ್ತದಲ್ಲಿ ಒಳಕ್ಕೆ ಮುಖ ಮಾಡಿ ಎದುರುಬದುರು ನಿಲ್ಲಲಿ. ಎಂಟು ಎಣಿಕೆಯ ಒಂದು ಸರಳ ವರಸೆ ಹೀಗಿದೆ. ಒಂದಕ್ಕೆ ತನ್ನ ಎರಡು ಕೋಲು ತನಗೇ. ಎರಡಕ್ಕೆ ಬಲಗೈ ಕೋಲು ಎದುರಿನವನ ಬಲಗೈ ಕೋಲಿಗೆ. ಮೂರಕ್ಕೆ ಮತ್ತೆ ತನ್ನವು. ನಾಲ್ಕಕ್ಕೆ ಎಡಗೈ ಕೋಲು ಎಡಗೈ ಕೋಲಿಗೆ. ಐದಕ್ಕೆ ತನ್ನವು. ಆರಕ್ಕೆ ಎರಡೂ ಕೋಲು ಎದುರಿನವನ ಎರಡಕ್ಕೂ. ಏಳು, ಎಂಟಕ್ಕೆ ಹೊರಗಿನವರು ಎರಡು ಹೆಜ್ಜೆ ಬಲಕ್ಕೆ ಸರಿದು ಮುಂದಿನವನ ಎದುರು ನಿಲ್ಲುವುದು. ಒಳಗಿನವರು ಜಾಗ ಬಿಡುವುದಿಲ್ಲ.

ನಿಮಿಷಕ್ಕೆ 80 ಪೆಟ್ಟಿನ ತಾಳದಲ್ಲಿ ಒಂದು ವರಸೆಗೆ 6 ಸೆಕೆಂಡು ಹಿಡಿಯುತ್ತದೆ. ಮುಕ್ಕಾಲು ನಿಮಿಷದೊಳಗೆ ಎದುರು ಸಾಲಿನ ಆರೂ ಜನರ ಮುಖ ನೋಡಿಯಾಗುತ್ತದೆ. ಆರು ಸೆಕೆಂಡು ಬಹಳ ಹದವಾದ ಹೊತ್ತು. ಅವನ ಕಣ್ಣು ಕೆಂಪಾಗಿದೆ, ಗಡ್ಡ ಬಿಟ್ಟಿದ್ದಾನೆ, ಇವತ್ತು ನಗುತ್ತಿಲ್ಲ ಎನ್ನುವುದನ್ನು ಗಮನಿಸಲು ಸಾಕು; ಮುಜುಗರಪಟ್ಟು ಮುಖ ತಿರುಗಿಸುವಷ್ಟು ಉದ್ದವಲ್ಲ. ಮುಂದಿನ ವಾರ ಒಳಗಿನವರನ್ನೂ ಹೊರಗಿನವರನ್ನೂ ಕಲಸಿ, ಇಲ್ಲದಿದ್ದರೆ ಒಂದೇ ಸಾಲಿನವರು ಎಂದೂ ಎದುರಾಗುವುದಿಲ್ಲ.

ಎಡವುವ ಜಾಗ ಮೊದಲನೆಯದು ತಾಳ. ಬಡಿಯುವವನಿಗೆ ಉಮೇದು ಬಂದ ಹಾಗೆ ವೇಗ ಏರುತ್ತದೆ, ಹತ್ತು ನಿಮಿಷದಲ್ಲಿ 80 ಇದ್ದದ್ದು 130 ಆಗಿ ಐವತ್ತು ದಾಟಿದವರು ಒಬ್ಬೊಬ್ಬರೇ ಕಟ್ಟೆಯ ಮೇಲೆ ಕೂರುತ್ತಾರೆ. ಹಾಗೆ ಕೂತವರು ಮುಂದಿನ ವಾರ ಬರುವುದು ಕಷ್ಟ. ಫೋನಿನಲ್ಲಿ ಒಂದೇ ವೇಗಕ್ಕೆ ತಾಳ ಹಾಕುವ ಮೆಟ್ರೋನೋಮ್ ಆ್ಯಪ್ ಹಾಕಿಕೊಳ್ಳಿ. ಮೊದಲ ತಿಂಗಳು 80ರಿಂದ 90, ಆಮೇಲೂ 110 ದಾಟುವುದು ಬೇಡ. ಹದ ತಿಳಿಯಲು ಇನ್ನೊಂದು ಉಪಾಯ: ಕುಣಿಯುವಾಗ ಪಕ್ಕದವನ ಜೊತೆ ಎರಡು ಮಾತಾಡಲು ಆಗಬೇಕು, ಉದ್ದದ ಸೊಲ್ಲು ಹಾಡಲು ಉಸಿರು ಸಾಲಬಾರದು. ಎರಡು ಮಾತಿಗೂ ಏದುಸಿರು ಬಂದರೆ ತಾಳ ಇಳಿಸಿ. ಹಾಗಾಗಿ ಹಾಡು ಹೇಳುವವನು ಕುಣಿಯದೆ ತಾಳದವನ ಪಕ್ಕ ಕೂರಲಿ. ಕುಣಿಯುವವರು ಸೊಲ್ಲಿನ ಕೊನೆಯ ತುಂಡನ್ನಷ್ಟೇ ಎತ್ತಿಕೊಳ್ಳಲಿ.

ಎರಡನೆಯದು ತಿದ್ದುವ ರೀತಿ. ಹೊಸಬ ತಪ್ಪಿದ ಕೂಡಲೇ ‘ಏ, ಎಡಗೈ ಮಾರಾಯಾ!’ ಎಂದು ಹೆಸರು ಹಿಡಿದು ಕೂಗುವವನೊಬ್ಬ ಎಲ್ಲ ಗುಂಪಿನಲ್ಲೂ ಇರುತ್ತಾನೆ. ಅವನಿಗೆ ಜಾಗಟೆ ಕೊಟ್ಟು ಕೂರಿಸಿ. ಹೊಸಬರನ್ನು ಜಾಗ ಬಿಡದ ಒಳವೃತ್ತದಲ್ಲಿ, ಪಳಗಿದ ಇಬ್ಬರ ನಡುವೆ ನಿಲ್ಲಿಸಿ, ನೋಡಿಯೇ ಕಲಿಯುತ್ತಾರೆ. ಗಂಡಸರು ಇಂಥ ಗುಂಪು ಬಿಡುವುದು ದಣಿವಿಗಲ್ಲ, ನಾಲ್ಕು ಜನರ ಎದುರು ನಗೆಪಾಟಲಾದದ್ದಕ್ಕೆ.

ಮೂರನೆಯದು ಬೆರಳಿನ ಗಂಟು. ಕೋಲನ್ನು ಕೆಳಗಿನ ಮೂರನೇ ಒಂದು ಭಾಗದಲ್ಲಿ ಹಿಡಿದು, ಎದೆಯಿಂದ ಮೇಲೆ ಓರೆಯಾಗಿ ತಾಗಿಸಿದರೆ ಪೆಟ್ಟು ತಪ್ಪುತ್ತದೆ. ಹೊಟ್ಟೆಯ ಮಟ್ಟದಲ್ಲಿ ಹೊಡೆದಾಗಲೇ ಬೆರಳು ಸಿಗುವುದು. ಯಾರಾದರೂ ಒಬ್ಬ ಸಿಟ್ಟು ತೀರಿಸಿಕೊಳ್ಳುವಂತೆ ಬಲವಾಗಿ ಬಡಿಯುತ್ತಿದ್ದರೆ ಕುಣಿತ ನಿಲ್ಲಿಸದೆ ‘ಎಲ್ಲರೂ ಸದ್ದಿಲ್ಲದೆ ಒಂದು ಸುತ್ತು’ ಅನ್ನಿ. ಕೋಲು ಮುಟ್ಟಿಯೂ ಸದ್ದಾಗದ ಹಾಗೆ ಕುಣಿಯುವುದಕ್ಕೆ ಬಹಳ ಗಮನ ಬೇಕು. ಕೈ ತಾನಾಗಿ ಹಗುರಾಗುತ್ತದೆ.

ಮೂವತ್ತೈದು ನಿಮಿಷ ಕುಣಿದು, ಐದು ನಿಮಿಷ ನಿಧಾನ ನಡೆದು, ಆಮೇಲೆ ಚಾ, ಅವಲಕ್ಕಿ. ಇದಕ್ಕೆ ಇಪ್ಪತ್ತೈದು ನಿಮಿಷ ಇಡಿ, ಕಡಿತ ಮಾಡಬೇಡಿ. ಮಾತು ಬಿಚ್ಚಿಕೊಳ್ಳುವುದು ಇಲ್ಲೇ. ಆದರೆ ಎಲ್ಲರನ್ನೂ ಸುತ್ತ ಕೂರಿಸಿ ‘ನಿಮ್ಮ ಮನಸ್ಸಿನಲ್ಲಿರುವುದನ್ನು ಹಂಚಿಕೊಳ್ಳಿ’ ಎಂದರೆ ಒಬ್ಬನೂ ಬಾಯಿ ತೆರೆಯುವುದಿಲ್ಲ. ವಾರಕ್ಕಿಬ್ಬರಂತೆ ಲೋಟ ತೊಳೆಯುವ ಪಾಳಿ ಹಾಕಿ, ಸಪ್ಪಗಿರುವವನ ಜೊತೆ ಕಿವಿ ದೊಡ್ಡದಿರುವ ಒಬ್ಬನನ್ನು ಸೇರಿಸಿ. ಬಚ್ಚಲಕಟ್ಟೆಯ ಹತ್ತಿರ ಇಬ್ಬರೂ ಲೋಟದ ಕಡೆ ನೋಡುತ್ತಿರುವಾಗ ಬರುವ ಮಾತು ಮುಖಕ್ಕೆ ಮುಖ ಕೂತಾಗ ಬರುವುದಿಲ್ಲ. ಅಲ್ಲಿ ಕೇಳಿದ್ದು ಮನೆಗೆ ಹೋಗಬಾರದು, ಅಡಿಕೆ ಮಂಡಿಗಂತೂ ಹೋಗಲೇಬಾರದು. ಜೀವಕ್ಕೆ ಅಪಾಯವಿರುವ ಮಾತಿಗೆ ಮಾತ್ರ ಈ ನಿಯಮ ಇಲ್ಲ. ಇದನ್ನು ಮೊದಲ ದಿನವೇ ಹೇಳಿಬಿಡಿ.

ಒಂದು ನೋಟ್‌ಬುಕ್ಕಿನಲ್ಲಿ ಹೆಸರು, ಫೋನು, ಮನೆಯಲ್ಲಿ ಯಾರನ್ನು ಕೇಳಬಹುದು ಎನ್ನುವುದನ್ನು ಬರೆದಿಡಿ. ಒಂದು ವಾರ ತಪ್ಪಿದರೆ ಫೋನು. ಎರಡನೇ ವಾರವೂ ಬರದಿದ್ದರೆ ಇಬ್ಬರು ಮನೆಗೆ ಹೋಗಿ. ‘ಯಾಕೆ ಬರಲಿಲ್ಲ’ ಎಂಬ ವಿಚಾರಣೆ ಬೇಡ, ‘ನಿನ್ನ ಕೋಲು ಅಲ್ಲೇ ಉಳಿದಿತ್ತು, ತಂದ್ವಿ’ ಅಂದರೆ ಸಾಕು. ಈ ಒಂದು ಕೆಲಸ ಮಾಡಲಾಗದಿದ್ದರೆ ಮನಸ್ಸಿನ ಆರೋಗ್ಯದ ಮಾತು ಬಿಟ್ಟು ಬರೀ ಕೋಲಾಟ ಆಡಿ, ಅದರಲ್ಲೂ ತಪ್ಪಿಲ್ಲ.

ಅಡಿಕೆಯ ಕೊನೆಕೊಯ್ಲು ಶುರುವಾದಾಗ ಗುಂಪು ಒಡೆಯುತ್ತದೆ, ರಾತ್ರಿಯಿಡೀ ಅಡಿಕೆ ಸುಲಿಯುವ ಮನೆಗಳಿರುತ್ತವೆ. ಆಗ 40 ನಿಮಿಷಕ್ಕೆ ಇಳಿಸಿ, ನಿಲ್ಲಿಸಬೇಡಿ. ಇನ್ನೂ ದೊಡ್ಡ ಗಂಡಾಂತರವೆಂದರೆ ಸ್ಟೇಜು. ನಾಲ್ಕು ತಿಂಗಳಾದ ಮೇಲೆ ‘ಚೌತಿಗೆ ಒಂದು ಪ್ರೋಗ್ರಾಂ ಕೊಡುವ’ ಎಂದು ಯಾರೋ ಹೇಳುತ್ತಾರೆ. ಚೆನ್ನಾಗಿ ಕುಣಿಯುವ ಎಂಟು ಜನರ ಆಯ್ಕೆಯಾಗುತ್ತದೆ, ಪೇಟ ಬರುತ್ತದೆ, ಕ್ಯಾಮರಾ ಬರುತ್ತದೆ. ಆಯ್ಕೆಯಾಗದ ನಾಲ್ವರೇ ನೀವು ಯಾರಿಗಾಗಿ ಶುರು ಮಾಡಿದ್ದಿರೋ ಅವರು. ಪ್ರದರ್ಶನ ಬೇಕಿದ್ದರೆ ಬೇರೆ ದಿನ, ಬೇರೆ ತಾಲೀಮು. ಬುಧವಾರ ಮುಟ್ಟಬೇಡಿ.

ಪ್ರಶ್ನೆ: ಗಂಡಸರು ಕುಣಿದರೆ ಊರಲ್ಲಿ ನಗುತ್ತಾರೆ. ಹಾಗಾಗಿ ಸುಗ್ಗಿ ಕುಣಿತದ ವೇಷ ಹಾಕಿಕೊಂಡರೆ ಗೌರವ ಸಿಗಬಹುದಾ?
– ಕುಮಟಾ

ಉತ್ತರ: ನಗುವವರಿಗೆ ನಮ್ಮ ಜಿಲ್ಲೆಯ ಪರಿಚಯ ಸಾಲದು. ಇಲ್ಲಿನ ಹಾಲಕ್ಕಿ ಸಮುದಾಯದ ಸುಗ್ಗಿ ಗಂಡಸರ ಕುಣಿತ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಹೋಳಿಯ ಹೊತ್ತಿಗೆ ಬೀದಿ ತುಂಬುವ ಬೇಡರ ವೇಷ ಗಂಡಸರದ್ದು. ಬಡಗಿನ ಯಕ್ಷಗಾನದಲ್ಲಿ ಸ್ತ್ರೀವೇಷವನ್ನೂ ಗಂಡಸರೇ ಕಟ್ಟಿ ಕುಣಿದು ಹೆಸರು ಮಾಡಿದ್ದಾರೆ. ಹೊನ್ನಾವರದ ಗುಣವಂತೆಯ ಕೆರೆಮನೆ ಮೇಳ ಶುರುವಾದದ್ದು 1934ರಲ್ಲಿ.

ಸುಗ್ಗಿಯ ತುರಾಯಿ (ತಲೆಯ ಅಲಂಕಾರ) ಮಾತ್ರ ತೊಡಬೇಡಿ. ಸುಗ್ಗಿ ದೇವರಿಗೆ ನಡೆದುಕೊಳ್ಳುವ, ಊರ ಗೌಡರ ಒಪ್ಪಿಗೆಯಿಂದ ಹೊರಡುವ, ನೇಮಗಳಿರುವ ಕುಣಿತ. ವಾರಕ್ಕೊಮ್ಮೆ ವ್ಯಾಯಾಮಕ್ಕೆ ಹಾಕಿ ಕಳಚುವ ಉಡುಪಲ್ಲ. ಹಾಲಕ್ಕಿ ಹಿರಿಯರೇ ಬಂದು ಹೆಜ್ಜೆ ಹೇಳಿಕೊಟ್ಟರೆ ಕಲಿಯಿರಿ, ಅವರಿಗೆ ಸಂಭಾವನೆ ಕೊಡಿ. ಕೋಲಾಟಕ್ಕೆ ಯಾರ ಅಪ್ಪಣೆಯೂ ಬೇಡ, ಲುಂಗಿ-ಬನಿಯನ್ನಿನಲ್ಲೂ ಆದೀತು. ಲುಂಗಿ ಮೊಣಕಾಲಿಗೆ ಎತ್ತಿ ಕಟ್ಟಿಕೊಳ್ಳಿ, ಹೊರವೃತ್ತದವರು ಎಡವುವುದು ಅದಕ್ಕೇ.

ಪ್ರಶ್ನೆ: ಜೂನ್ 1ರಿಂದ ಜುಲೈ 31ರವರೆಗೆ ಬೋಟು ಕಟ್ಟಿರುತ್ತವೆ. ಕೆಲಸವಿಲ್ಲ, ಸಂಪಾದನೆಯಿಲ್ಲ, ಹೊರಗೆ ಮಳೆ. ಆ ಎರಡು ತಿಂಗಳೇ ನಮ್ಮಲ್ಲಿ ಜಗಳ, ಕುಡಿತ ಹೆಚ್ಚು. ಆಗ ಕುಣಿತ ನಡೆಸಲು ಏನು ದಾರಿ? ಗುಮಟೆ (ಮಣ್ಣಿನ ಮಡಕೆಗೆ ಚರ್ಮ ಬಿಗಿದ ವಾದ್ಯ) ಇದೆ, ಮಳೆಗಾಲದಲ್ಲಿ ಸದ್ದೇ ಬರುವುದಿಲ್ಲ.
– ಬೈತಖೋಲ, ಕಾರವಾರ

ಉತ್ತರ: ಆ 61 ದಿನ ವಾರಕ್ಕೆ ಒಂದಲ್ಲ, ಮೂರು ಸಲ ಇಡಿ, ಅದೂ ಸಂಜೆ ಐದೂವರೆಗೆ. ಕುಡಿತ ಶುರುವಾಗುವ ಹೊತ್ತಿಗೆ ಮುಂಚೆಯೇ ಜನ ಕೈಗೆ ಸಿಗಬೇಕು. ಬಲೆ ರಿಪೇರಿಗೆ ಕೂರುವ ಶೆಡ್ಡು ಇದ್ದರೆ ಅಲ್ಲೇ ಮಾಡಿ, ಜನ ಹೇಗೂ ಅಲ್ಲಿರುತ್ತಾರೆ. ಮೀನಿನ ನೀರು, ಪಾಚಿ ಇರುವ ಸಿಮೆಂಟು ನೆಲ ಬೇಡ. ಬೇರೆ ಜಾಗವಿಲ್ಲದಿದ್ದರೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ಒಣಗಿಸಿ, ಜಿಗಿತವಿಲ್ಲದ ಹೆಜ್ಜೆಗಳನ್ನಷ್ಟೇ ಹಾಕಿ.

ತೇವಕ್ಕೆ ಗುಮಟೆಯ ಚರ್ಮ ಸಡಿಲಾಗುತ್ತದೆ. ಕೆಂಡದಿಂದ ಒಂದು ಮೊಳ ದೂರದಲ್ಲಿ ಹಿಡಿದು ತಿರುಗಿಸುತ್ತ ಕಾಯಿಸಿ; ಹತ್ತಿರ ಹಿಡಿದರೆ ಅಂಚಿನಲ್ಲಿ ಚರ್ಮ ಬಿರಿಯುತ್ತದೆ. ಕಾಯಿಸಿದ ಬಿಗಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಆದ್ದರಿಂದ ಎರಡಿದ್ದರೆ ಒಂದನ್ನು ಬಾರಿಸುವಾಗ ಇನ್ನೊಂದನ್ನು ಕಾಯಿಸಿ. ತಗಡಿನ ಮಾಡಿನ ಮೇಲೆ ಮಳೆ ಜೋರಾದರೆ ಗುಮಟೆ ಹೇಗೂ ಕೇಳಿಸದು, ಜಾಗಟೆಯೇ ಗತಿ. ಹಳೆಯ ಗುಮಟೆಗೆ ಉಡದ ಚರ್ಮವಿದ್ದರೆ ಹೊಸದಾಗಿ ಅದನ್ನೇ ಹಾಕಿಸಲು ಹೋಗಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಈಗ ಆಡಿನ ಚರ್ಮ ಹಾಕುತ್ತಾರೆ.

ಪ್ರಶ್ನೆ: ನಮ್ಮ ಗುಂಪಿನಲ್ಲಿ ಕುಣಿತ ಮುಗಿದ ಮೇಲೆ ‘ಒಂದೊಂದು’ ಹಾಕುವ ರೂಢಿ ಬಂದಿದೆ. ಬೇಡವೆಂದರೆ ಜನ ಬರುವುದಿಲ್ಲ. ದಿನಾ ಕುಡಿಯುವ ಒಬ್ಬರಿಗೆ ‘ಇವತ್ತಿಂದಲೇ ಬಿಟ್ಟು ಬಾ’ ಎಂದು ಕರಾರು ಹಾಕಿದ್ದೇವೆ. ಸರಿಯೇ?
– ಹೊನ್ನಾವರ ತಾಲ್ಲೂಕು

ಉತ್ತರ: ರೂಢಿ ನಿಲ್ಲಿಸಿ, ಕರಾರನ್ನೂ ಹಿಂದೆಗೆದುಕೊಳ್ಳಿ.

ಮದ್ಯ ಮೊದಲು ಕಣ್ಣಿಗೆ ಜೊಂಪು ತಂದರೂ ನಡುರಾತ್ರಿಯ ನಿದ್ದೆ ಕೆಡಿಸುತ್ತದೆ, ಮಾರನೆಯ ದಿನ ಕಳವಳ ಹೆಚ್ಚಿಸುತ್ತದೆ. ಕುಣಿತದಿಂದ ಸಿಕ್ಕಿದ್ದೆಲ್ಲ ಅಲ್ಲಿಗೆ ಜಮಾ-ಖರ್ಚು ಸರಿಹೋಯಿತು. ಅದರ ಜಾಗಕ್ಕೆ ಹೊಟ್ಟೆ ತುಂಬುವ ಏನಾದರೂ ಇರಲಿ. ಬಿಸಿ ಮೀನುಸಾರು-ಅನ್ನ ಇದ್ದರೆ ಜನ ಕದಲುವುದಿಲ್ಲ. ಮನೆಯವರೂ ತಕರಾರು ತೆಗೆಯುವುದಿಲ್ಲ. ಹಾಡು-ಕುಣಿತಕ್ಕೆ ಕುಡಿತ ಬೇಕೇಬೇಕು ಅನ್ನುವವರಿಗೆ ಅಂಕೋಲಾದ ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು ನೆನಪಿಸಿ. 2017ರಲ್ಲಿ ಪದ್ಮಶ್ರೀ ಪಡೆದ ಆ ಹಾಡುಗಾರ್ತಿ ಸಾರಾಯಿಯ ವಿರುದ್ಧ ಬೀದಿಗಿಳಿದವರು.

ಕರಾರಿನ ಅಪಾಯ ಇದಕ್ಕಿಂತ ದೊಡ್ಡದು. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಆರರಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಕೈನಡುಕ, ಬೆವರು, ವಾಂತಿ, ನಿದ್ದೆಯಿಲ್ಲದಿರುವುದು ಶುರುವಾಗುತ್ತದೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೇ ಮೂರನೇ ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದು ಕಾಣಿಸಿ, ದಿಕ್ಕು ದೆಸೆ ತಪ್ಪುತ್ತದೆ. ಇದು ಪ್ರಾಣಕ್ಕೇ ಕುತ್ತು. ಇದಕ್ಕೆ ಆಸ್ಪತ್ರೆಯಲ್ಲಿ ಮಾತ್ರೆ, ಬಿ1 ಜೀವಸತ್ವದ ಇಂಜೆಕ್ಷನ್ ಕೊಟ್ಟು ನೋಡಿಕೊಳ್ಳುವ ಕ್ರಮವಿದೆ. ಮೊದಲು ಅಲ್ಲಿಗೆ ಕರೆದೊಯ್ಯಿರಿ. ಗುಂಪಿನ ನಿಯಮ ಒಂದೇ ಇರಲಿ: ಕುಡಿದ ದಿನ ಕೋಲು ಹಿಡಿಯುವಂತಿಲ್ಲ, ಬಂದು ಕೂತು ಊಟ ಮಾಡಿ ಹೋಗಬಹುದು.

ಪ್ರಶ್ನೆ: ಮನೋವೈದ್ಯರು ಲಿಥಿಯಂ ಮಾತ್ರೆ ಕೊಟ್ಟಿದ್ದಾರೆ, ಮೂರು ವರ್ಷವಾಯಿತು. ಕುಣಿತಕ್ಕೆ ಸೇರಬಹುದೇ? ಮಂಡಿನೋವಿಗೆ ಆಗಾಗ ಮಾತ್ರೆ ನುಂಗುವುದೂ ಇದೆ.
– ಕುಮಟಾ ತಾಲ್ಲೂಕು

ಉತ್ತರ: ಸೇರಬಹುದು, ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತಿಳಿಸಿ. ತಕ್ಷಣ ಗಮನಿಸಬೇಕಾದ್ದು ಮಂಡಿನೋವಿನ ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥವು ರಕ್ತದಲ್ಲಿ ಲಿಥಿಯಂ ಪ್ರಮಾಣವನ್ನು ಏರಿಸುತ್ತವೆ. ಅಂಗಡಿಯಿಂದ ತಂದು ನುಂಗುವುದನ್ನು ನಿಲ್ಲಿಸಿ. ಪ್ಯಾರಸಿಟಮಾಲ್ ಸಾಮಾನ್ಯವಾಗಿ ತೊಂದರೆ ಮಾಡದು.

ಬೆವರು ಹರಿದು ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೂ ಲಿಥಿಯಂ ಏರುತ್ತದೆ. ಕರಾವಳಿಯ ಏಪ್ರಿಲ್-ಮೇ ಸೆಕೆಯಲ್ಲಿ ಇದು ಸಣ್ಣ ಮಾತಲ್ಲ. ಕುಣಿತಕ್ಕೆ ಮುಂಚೆ ಒಂದು ಲೋಟ ನೀರು, ನಡುವೆ ಕಾಲುಗಂಟೆಗೊಮ್ಮೆ ನಾಲ್ಕು ಗುಟುಕು, ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆಯೋ ಮುರುಗಲು ಪಾನಕವೋ ಕುಡಿಯಿರಿ. ಊಟದ ಉಪ್ಪನ್ನು ಒಮ್ಮೆಲೇ ಬಿಡುವುದೂ ಬೇಡ, ಹೆಚ್ಚಿಸುವುದೂ ಬೇಡ. ಕೈ ದೊಡ್ಡದಾಗಿ ನಡುಗುವುದು, ವಾಂತಿ-ಭೇದಿ, ನಾಲಿಗೆ ತೊದಲುವುದು, ನಡೆಯುವಾಗ ತೂರಾಡುವುದು ಕಂಡರೆ ಮುಂದಿನ ಮಾತ್ರೆ ತೆಗೆದುಕೊಳ್ಳದೆ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ.

ಬೇರೆ ಓದುಗರಿಗಾಗಿ: ಮನೋರೋಗಕ್ಕೆ ಕೊಡುವ ಓಲಾಂಜಪಿನ್, ಕ್ವೆಟಿಯಾಪಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ತಟ್ಟನೆ ಎದ್ದಾಗ ತಲೆ ತಿರುಗಬಹುದು. ಕೂತು ಏಳುವ ಹೆಜ್ಜೆಗಳನ್ನು ಅವರು ಬಿಡಲಿ. ಯಾರೇ ಆಗಲಿ, ಹಗುರ ಅನ್ನಿಸಿತು ಎಂದು ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು.

ಪ್ರಶ್ನೆ: ಚಾ ಕುಡಿದು ಹೊರಡುವಾಗ ಗುಂಪಿನ ಒಬ್ಬ ಹಿರಿಯರು ‘ಮುಂದಿನ ವಾರ ನಾ ಇರ್ತ್ನೋ ಇಲ್ವೋ, ಇದ್ದಾದರೂ ಏನು ಉಪಯೋಗ’ ಅಂದರು. ಎಲ್ಲರೂ ನಕ್ಕು ಸುಮ್ಮನಾದೆವು. ಆಮೇಲಿಂದ ತಲೆಯಲ್ಲಿ ಅದೇ. ಏನು ಮಾಡಬೇಕಿತ್ತು?
– ಊರು ಬೇಡ

ಉತ್ತರ: ಈಗಲೂ ಮಾಡಬಹುದು, ಇವತ್ತೇ ಮಾಡಿ. ಅವರ ಮನೆಗೆ ಹೋಗಿ, ಒಬ್ಬರೇ ಇದ್ದಾಗ ನೇರವಾಗಿ ಕೇಳಿ: ‘ಅಣ್ಣಾ, ಆವತ್ತು ಹಾಗಂದ್ರಲ್ಲ, ಸಾಯಬೇಕು ಅಂತ ಅನ್ನಿಸ್ತಿದೆಯಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎನ್ನುವುದು ಸುಳ್ಳು ಭಯ. ಸುತ್ತಿ ಬಳಸಿ ಕೇಳಿದರೆ ಸುತ್ತಿ ಬಳಸಿದ ಉತ್ತರವೇ ಬರುತ್ತದೆ. ‘ಹೆಂಡತಿ ಮಕ್ಕಳ ಮುಖ ನೋಡಿ’ ಎಂಬ ಉಪದೇಶ ಬೇಡ. ಮನೆಗೆ ತಾನೇ ಹೊರೆ ಎಂದುಕೊಂಡಿರುವವರಿಗೆ ಅದು ಇನ್ನೂ ಭಾರ. ಸುಮ್ಮನೆ ಕೇಳಿಸಿಕೊಳ್ಳಿ.

‘ಹೌದು’ ಎಂದರೆ, ಅಥವಾ ಹೇಗೆ, ಯಾವಾಗ ಎಂದು ಯೋಚಿಸಿಟ್ಟಂತೆ ಕಂಡರೆ ಒಬ್ಬರನ್ನೇ ಬಿಡಬೇಡಿ. ‘ಯಾರಿಗೂ ಹೇಳಬೇಡ’ ಎಂಬ ಮಾತಿಗೆ ಒಪ್ಪಬೇಡಿ. ಮನೆಯವರಲ್ಲಿ ಒಬ್ಬರಿಗೆ ತಿಳಿಸಿ, ತೋಟಕ್ಕೆ ಹೊಡೆಯುವ ಔಷಧಿಗಳನ್ನು ಬೇರೆ ಮನೆಗೆ ಸಾಗಿಸಿ ಬೀಗ ಹಾಕಿಸಿ. ಆ ಕ್ಷಣದ ಆವೇಗ ಇಳಿಯುವವರೆಗೆ ಅಪಾಯದ ವಸ್ತು ಕೈಗೆ ಸಿಗದಿದ್ದರೆ ಎಷ್ಟೋ ಜೀವ ಉಳಿಯುತ್ತದೆ. ಅಲ್ಲಿಂದಲೇ 14416ಕ್ಕೆ ಫೋನು ಮಾಡಿ. ಇದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಏನು ಮಾಡಲಿ ಎಂದು ನೀವೂ ಕೇಳಬಹುದು. ಅಪಾಯ ಆ ಕ್ಷಣದ್ದಾದರೆ 112 ಅಥವಾ 108. ಆಸ್ಪತ್ರೆಗೆ ‘ಹೋಗಿ’ ಎನ್ನದೆ ಜೊತೆಗೇ ಹೋಗಿ, ವೈದ್ಯರ ಕೋಣೆಯ ಬಾಗಿಲವರೆಗೂ.

ಪೊಲೀಸ್ ಕೇಸಾದೀತು ಎಂದು ಮುಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಿ ಅವರಿಗೆ ಆರೈಕೆ ಕೊಡಿಸಬೇಕು. ಇನ್ನು ನಕ್ಕು ಸುಮ್ಮನಾಗುವ ವಿಷಯ: ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ತೀರಿಕೊಂಡರು, ನೂರಕ್ಕೆ ಸುಮಾರು 72 ಮಂದಿ ಗಂಡಸರು. ತಮಾಷೆಯ ದನಿಯಲ್ಲಿ ಬಂದ ಮಾತನ್ನೂ ಕೇಳಿ ನೋಡುವುದೇ ಸರಿ.

ಪ್ರಶ್ನೆ: ನನಗೆ 66. ಮಂಡಿ ಸವೆದಿದೆ ಎಂದಿದ್ದಾರೆ. ಹೆಂಡತಿ ತೀರಿಕೊಂಡ ಮೇಲೆ ಸಂಜೆ ಹೊತ್ತು ಹೋಗುವುದಿಲ್ಲ. ಕುಣಿಯಲಾಗದವರಿಗೆ ಗುಂಪಿನಲ್ಲಿ ಏನು ಕೆಲಸ? ಕೋಲು ಎಷ್ಟು ಉದ್ದ ಇರಬೇಕು, ಅದನ್ನಾದರೂ ಮಾಡಿಕೊಟ್ಟೇನು.
– ಸಿದ್ದಾಪುರ

ಉತ್ತರ: ಮಾಡಿಕೊಡಿ, ಅಲ್ಲೇ ನಿಲ್ಲಬೇಡಿ. ತೋಳಿಲ್ಲದ ಗಟ್ಟಿ ಕುರ್ಚಿ ಹಾಕಿಕೊಂಡು ಒಳವೃತ್ತದಲ್ಲಿ ಕೂತು ಎಂಟೂ ಎಣಿಕೆ ಬಾರಿಸಬಹುದು. ಒಳಗಿನವರು ಹೇಗೂ ಜಾಗ ಬಿಡುವುದಿಲ್ಲ. ಎದುರು ಬರುವವರು ಕೋಲನ್ನು ಸ್ವಲ್ಪ ಕೆಳಗೆ ಹಿಡಿದರಾಯಿತು. ಮಂಡಿ ಊದಿಕೊಂಡು ಬಿಸಿಯಾಗಿರುವ ದಿನ ಕಾಲಿಗೆ ವಿಶ್ರಾಂತಿ ಕೊಡಿ, ಕೈಗೆ ಬೇಡ. ಹಾಡು ಗೊತ್ತಿದ್ದರೆ ಹೇಳಿಕೊಡಿ. ನಿಮ್ಮ ವಯಸ್ಸಿನವರಿಗೆ ಬರುವಷ್ಟು ಸೊಲ್ಲು ಮೂವತ್ತರವರಿಗೆ ಬರುವುದಿಲ್ಲ.

ಕೋಲು ಒಂದು ಅಡಿಯಿಂದ ಒಂದೂಕಾಲು ಅಡಿ ಉದ್ದ, ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ. ಚೆನ್ನಾಗಿ ಒಣಗಿದ ಗಟ್ಟಿ ಮರವಿರಲಿ. ಹಸಿ ಮರದ್ದು ಎರಡೇ ವಾರಕ್ಕೆ ಸೀಳುತ್ತದೆ, ಸದ್ದೂ ಮಂಕು. ತುದಿಗಳನ್ನು ಗುಂಡಗೆ ಮಾಡಿ ಉಪ್ಪುಕಾಗದದಲ್ಲಿ ಉಜ್ಜಿ, ತೆಂಗಿನೆಣ್ಣೆ ಸವರಿ ಎರಡು ದಿನ ನೆರಳಲ್ಲಿಡಿ. ಹನ್ನೆರಡು ಜನಕ್ಕೆ 24 ಬೇಕು, ಮೇಲೆ ನಾಲ್ಕು ಹೆಚ್ಚಿಗೆ ಮಾಡಿಟ್ಟಿರಿ, ಸೀಳಿದ ಕೋಲಿನಲ್ಲಿ ಯಾರೂ ಬಾರಿಸಬಾರದು.